ಹೆಸರು ಬದಲಾಯಿಸಲಾಗಿದೆ

ಶೆಟ್ಟೆವ್ವ ತನ್ನ ಹೆಸರು ಬರೆಯಲು ಕಲಿತಾಗ ಅವಳಿಗೆ ಐವತ್ತೆಂಟು. ಕಲಿಸಿದವಳು ಸೊಸೆ ಸುಮಂಗಲಾ. ಅಂಗನವಾಡಿಗೆ ಹೋಗುವ ಮೊಮ್ಮಗಳ ಪಾಟಿ, ಬೆರಳುದ್ದದ ಬಳಪ, ಅಡುಗೆಮನೆಯ ಹೊಸ್ತಿಲು. ಒಲೆಯ ಮೇಲೆ ಬೇಳೆ ಕುದಿಯುವಷ್ಟು ಹೊತ್ತು ಪಾಠ.

“‘ಶೆ’ ತನಕ ಬರೋಬ್ಬರಿ ಬರೀತಿ ಅತ್ತಿ. ‘ಟ್ಟೆ’ ಬಂದಕೂಡಲೇ ನಿನ್ನ ಕೈ ಸಂತಿಗೆ ಹೋಗತೈತಿ ನೋಡು” ಎಂದು ಸುಮಂಗಲಾ ನಗುತ್ತಿದ್ದಳು. “ನಿಮ್ಮಪ್ಪ ಒಂದೀಟು ಸಸಾರ ಹೆಸರು ಇಡಬಾರದಾಗಿತ್ತೇನು?”

“ಅವ ಬರಿಯಾಕ ಇಟ್ಟಿದ್ದಿಲ್ಲವ್ವಾ, ಕರಿಯಾಕ ಇಟ್ಟಿದ್ದ.”

ಹೀಗೆ ನಕ್ಕು ಮಾತಾಡಿದರೂ ಶೆಟ್ಟೆವ್ವ ಕಲಿಯಲು ಕೂತದ್ದು ನಗೆಗಲ್ಲ. ಹಿಂದೊಮ್ಮೆ ವಿಜಯಪುರದ ಕೋರ್ಟಿನಲ್ಲಿ ಒಂದು ಸುಳ್ಳು ಹೇಳಿ, ಅದರ ಕೆಳಗೆ ಹೆಬ್ಬೆಟ್ಟು ಒತ್ತಿ ಬಂದಿದ್ದಳು. ಸಾಯುವುದರೊಳಗೆ ಯಾವುದಾದರೂ ಒಂದು ಕಾಗದದಲ್ಲಿ ಖರೇ ಮಾತು ಹೇಳಿ ಅದರ ಕೆಳಗೆ ತನ್ನ ಹೆಸರು ಬರೆಯಬೇಕು. ಅವಳಿಗಿದ್ದ ಹಟ ಇದೊಂದೇ.

ಆ ಸುಳ್ಳು ಹುಟ್ಟಿದ್ದು ಹಿಟ್ಟಿನ ಗಿರಣಿಯಲ್ಲಿ. ಇಂಡಿ ತಾಲ್ಲೂಕಿನಲ್ಲಿ ಸಾಲೋಟಗಿ ದಾಟಿ ಒಳಕ್ಕೆ ಹೋದರೆ ಅವಳ ಊರು ಕಲ್ಲಬಾವಿ. ಊರಿಗೆಲ್ಲ ಒಂದೇ ಗಿರಣಿ, ಫಕೀರಸಾಬನದು. ಕರೆಂಟು ಯಾವಾಗ ಬರುತ್ತದೆಂದು ಹೇಳುವಂತಿರಲಿಲ್ಲ. ಆದ್ದರಿಂದ ಜನ ಜೋಳದ ಡಬ್ಬಿಗಳನ್ನು ಒಳಗೆ ಸಾಲಾಗಿ ಇಟ್ಟು ಹೋಗುತ್ತಿದ್ದರು, ಯಾರದು ಯಾವುದೆಂದು ತಿಳಿಯಲು ಫಕೀರಸಾಬ ಅವುಗಳ ಮೇಲೆ ಬಳಪದಿಂದ ಹೆಸರು ಬರೆಯುತ್ತಿದ್ದ. ಶೆಟ್ಟೆವ್ವನ ಕೇರಿಯವರ ಡಬ್ಬಿಗಳ ಮೇಲೆ ಮಾತ್ರ ಹೆಸರಿಲ್ಲ. ಅವು ಹೊರಗೆ, ಬೇವಿನ ಗಿಡದ ಬುಡದಲ್ಲಿ. ಊರಿನ ಕಡೆಯ ಡಬ್ಬಿ ಬೀಸಿ ಮುಗಿದ ಮೇಲೆ ಅವರದು. ಅವರ ಹಿಟ್ಟು ಕಲ್ಲಿಗಂಟಿ ಮುಂದಿನವರ ಹಿಟ್ಟಿಗೆ ಸೇರಬಾರದು, ಅದಕ್ಕೇ ಈ ಪದ್ಧತಿ. ಹೇಗೂ ಕಡೆಗೆ ನಿಲ್ಲುವವರಿಗೆ ಹೆಸರಾದರೂ ಯಾಕೆ ಬೇಕು?

ಹದಿನೆಂಟು ವರ್ಷಗಳ ಹಿಂದೆ ಒಂದು ವಾರ, ಕೇರಿಯವರ ಪಾಳಿ ಬರುವುದರೊಳಗೆ ಕರೆಂಟು ಹೋಗಿಬಿಡುತ್ತಿತ್ತು. ನಾಲ್ಕು ದಿನ ಹೀಗೇ ಆಯಿತು. ಶೆಟ್ಟೆವ್ವನ ಮನೆಯಲ್ಲಿ ಮಗಳು ಬಾಣಂತಿ. ನೆರೆಮನೆಯವರು ಕೊಟ್ಟ ಹಿಟ್ಟೂ ಮುಗಿದಿತ್ತು. ಐದನೆಯ ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಕರೆಂಟು ಬಂದು ಗಿರಣಿಯ ಪಟ್ಟಾ ತಿರುಗತೊಡಗಿದ್ದೇ ತಡ, ಶೆಟ್ಟೆವ್ವ ತನ್ನ ಡಬ್ಬಿ ಎತ್ತಿಕೊಂಡು ಒಳಗೆ ನುಗ್ಗಿ ಗಿರಣಿಯ ಬಾಯಿಗೆ ಸುರಿದುಬಿಟ್ಟಳು. ಎರಡು ಸೇರು ಜೋಳ. ಫಕೀರಸಾಬ ಬಾಯಿ ತೆರೆದವನು ಮುಚ್ಚಲಿಲ್ಲ, ಗಿರಣಿಯನ್ನೂ ನಿಲ್ಲಿಸಲಿಲ್ಲ.

ಆ ಹಿಟ್ಟು ರೊಟ್ಟಿಯಾಗಲಿಲ್ಲ. ಅವಳು ಮನೆ ಮುಟ್ಟುವಷ್ಟರಲ್ಲಿ ಪರಪ್ಪಗೌಡ ನಾಲ್ವರನ್ನು ಕಟ್ಟಿಕೊಂಡು ಕೇರಿಗೆ ಬಂದಿದ್ದ. ಹೆಂಡತಿಯನ್ನು ಹದ್ದುಬಸ್ತಿನಲ್ಲಿಡದ ತಪ್ಪಿಗೆ ಅವಳ ಗಂಡ ಸಿದ್ರಾಮನನ್ನು ಊರ ಅಗಸಿ ಬಾಗಿಲ ತನಕ ಎಳೆದೊಯ್ದು ಬಡಿದರು. ಮೂರು ಮನೆಗಳಿಗೆ ಬೆಂಕಿ ಇಟ್ಟರು. ಸಿದ್ರಾಮ ಆಮೇಲೆ ನಲವತ್ತು ದಿನ ಬದುಕಿದ. ನೀರು ಕೇಳುವುದೊಂದನ್ನು ಬಿಟ್ಟರೆ ಬೇರೆ ಮಾತಾಡಲಿಲ್ಲ.

ಕೇಸು ಆಯಿತು. ಕೇಸಿನ ಬೆನ್ನಿಗೇ ಬಹಿಷ್ಕಾರವೂ ಆಯಿತು. ಅಂಗಡಿಯಲ್ಲಿ ಉಪ್ಪು ಕೊಡಲಿಲ್ಲ, ಹೊಲಕ್ಕೆ ಕೂಲಿಗೆ ಕರೆಯಲಿಲ್ಲ. ಕೇರಿಯವರು ಚಡಚಣದ ಕಡೆ ದ್ರಾಕ್ಷಿ ತೋಟಗಳಿಗೆ ದುಡಿಯಲು ಹೋದರು. ಒಂಬತ್ತನೆಯ ಇಯತ್ತೆಯಲ್ಲಿದ್ದ ಮಗ ಸುನೀಲಕುಮಾರ ಶಾಲೆಯಲ್ಲಿ ಒಬ್ಬನೇ ಕೂತು, ಒಬ್ಬನೇ ಉಂಡು, ಕೊನೆಕೊನೆಗೆ ಮನೆಯಲ್ಲೂ ಮಾತು ಬಿಟ್ಟ. ಎರಡೂವರೆ ವರ್ಷದ ಮೇಲೆ ಹಿರಿಯರು ಕೂತು ರಾಜಿ ಮಾಡಿಸಿದರು. ಎರಡೂ ಕಡೆಯವರಿಂದ ದೇವರ ಭಂಡಾರ ಮುಟ್ಟಿಸಿ ಆಣೆ ತೆಗೆದುಕೊಂಡರು. ಶೆಟ್ಟೆವ್ವ ಕೋರ್ಟಿನಲ್ಲಿ ಯಾರ ಗುರುತೂ ಸಿಗಲಿಲ್ಲ ಎನ್ನಬೇಕು. ಊರು ಕೇರಿಯನ್ನು ಮಾತಾಡಿಸಬೇಕು.

ಮಗನ ಮುಖ ನೋಡಿಕೊಂಡು ಅವಳು ಕಟಕಟೆ ಹತ್ತಿದಳು. “ಕತ್ತಲಿತ್ರಿ. ಯಾರಂತ ಕಾಣಲಿಲ್ರಿ.”

ನ್ಯಾಯಾಧೀಶರು ಕನ್ನಡಕ ತೆಗೆದರು. “ಬೆಳಿಗ್ಗೆ ಹನ್ನೊಂದು ಗಂಟೆಗೆ ಕತ್ತಲೆಯೇನಮ್ಮ?”

“ಗಿರಣಿ ಒಳಗ ಕತ್ತಲ ಇರ್ತೈತ್ರಿ.”

ಇದನ್ನೂ ಗೌಡರ ಟ್ರ್ಯಾಕ್ಸ್ ಗಾಡಿಯಲ್ಲಿ ಬರುವಾಗ ದಾರಿಯಲ್ಲಿ ಹೇಳಿಕೊಟ್ಟಿದ್ದರು. ಹೊಡೆದದ್ದು ಅಗಸಿಯ ಬಯಲಿನಲ್ಲಲ್ಲವೇ ಎಂದು ಯಾರೂ ಮುಂದೆ ಕೇಳಲಿಲ್ಲ. ಟೈಪು ಮಾಡುವವನು ‘ಕತ್ತಲಿತ್ತು’ ಎಂದು ಬಡಿದ. ಶೆಟ್ಟೆವ್ವ ಹೆಬ್ಬೆಟ್ಟು ಒತ್ತಿದಳು. ಆ ನೀಲಿ ಮಸಿ ಬೆರಳಿನಿಂದ ಹೋಗಲು ಮೂರು ದಿನ ಹಿಡಿಯಿತು. ಫಕೀರಸಾಬನೂ ಅಂದು ಅದನ್ನೇ ಹೇಳಿ ಬಂದ.

ಇಷ್ಟಾದ ಬಹಳ ವರ್ಷಗಳ ಮೇಲೆ, ಹೋದ ವರ್ಷದ ಸಂಕ್ರಾಂತಿ ಮುಗಿದ ವಾರ, ಅವಳ ಮನೆಯ ಮುಂದೆ ಬಿಳಿ ಕಾರೊಂದು ನಿಂತಿತು. ಅದರಿಂದ ಇಳಿದವಳು ಶೈಲಶ್ರೀ. ಹುಬ್ಬಳ್ಳಿಯವಳು, ಸಮಾಜಕಾರ್ಯ ಓದಿದವಳು, ಮೂವತ್ತು ದಾಟಿರಲಿಕ್ಕಿಲ್ಲ. ಒಂದು ಹೆಗಲಿಗೆ ಕಾಗದದ ಚೀಲ, ಇನ್ನೊಂದರ ಮೇಲೆ ವರ್ಷ ತುಂಬಿದ ಮಗಳು ಐಶ್ವರ್ಯ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲ್ಲೂಕುಗಳಲ್ಲಿ ಗಲಾಟೆ ನಡೆದ ಒಂದೊಂದು ಊರು ಆರಿಸಿಕೊಂಡು, ಅಲ್ಲಿನವರ ಮನಸ್ಸಿಗಾದ ಆಘಾತ ಏನು, ಆಮೇಲೆ ಊರು ಬದಲಾಯಿತೇ ಎಂದು ಅಧ್ಯಯನ ಮಾಡುತ್ತಿದ್ದಾಳಂತೆ. ಪುಸ್ತಕವಾಗುತ್ತದಂತೆ.

ಶೆಟ್ಟೆವ್ವ ಕಂಬಳಿ ಹಾಸಿ ಕೂರಿಸಿದಳು. ಸುಮಂಗಲಾ ತಂಬಿಗೆಯಲ್ಲಿ ನೀರು ತಂದಳು. ಶೈಲಶ್ರೀ ಗಡಿಬಿಡಿಯಿಂದ ಚೀಲದಲ್ಲಿನ ಬಾಟಲಿ ತೋರಿಸಿದಳು. “ಬ್ಯಾಡ್ರಿ, ನಮ್ಮ ನೀರು ಐತ್ರಿ. ಕೂಸಿನ ಸಲುವಾಗಿ ಕಾಸಿ ತಂದೇನಿ. ಹೊರಗಿನ ನೀರು ಒಂಚೂರು ಹೆಚ್ಚುಕಡಿಮಿ ಆದ್ರ ಭೇದಿ ಹತ್ತತಾವ್ರಿ ಇಕಿಗೆ.”

“ಆಗ್ಲಿ ತಗೋರಿ. ಮೊದಲ ಜಾತಿ ಅಂತಿದ್ರು, ಈಗ ಬಾಟ್ಲಿ ಅಂತಾರ” ಎಂದಳು ಶೆಟ್ಟೆವ್ವ.

ಶೈಲಶ್ರೀಯ ಮುಖ ಕೆಂಪಾಯಿತು. ತಂಬಿಗೆ ಇಸಿದುಕೊಂಡು ಗಟಗಟ ಅರ್ಧ ಕುಡಿದಳು. ಮಗುವಿಗೆ ಮಾತ್ರ ಬಾಟಲಿಯದನ್ನೇ ಕುಡಿಸಿದಳು. ಅದರ ಕೈಗೆ ಏನೋ ಹಚ್ಚಿ ಒರೆಸಿದಳು, ನೊಣ ಓಡಿಸಿದಳು, ನೆರಳಿಗೆ ಸರಿದಳು. ಹೀಗೆ ಹೆದರಿ ಹೆದರಿ ಸಾಕುವ ತಾಯಿಯನ್ನು ಕಂಡು ಶೆಟ್ಟೆವ್ವನಿಗೆ ಸಿಟ್ಟು ಇಳಿಯಿತು. ತನ್ನ ಮಗಳ ಬಾಣಂತನ ನೆನಪಾಯಿತು.

ಚೀಲದಿಂದ ಕಾಗದವೊಂದು ಹೊರಬಂತು. ಶೈಲಶ್ರೀ ಅದನ್ನು ಓದಿ ಹೇಳಬೇಕು, ಅದು ನಿಯಮ. “ಈ ಅಧ್ಯಯನದಲ್ಲಿ ಸ್ವಇಚ್ಛೆಯಿಂದ ಭಾಗವಹಿಸುತ್ತಿದ್ದು, ಪ್ರತಿಸ್ಪಂದಕರ ಗೌಪ್ಯತೆಯನ್ನು ಕಾಪಾಡಲಾಗುವುದೆಂದು...” ಅಷ್ಟರಲ್ಲಿ ಮಗು ರಂಪ ಹಿಡಿಯಿತು. ಉಳಿದದ್ದನ್ನು ಅವಳು ಮಗುವನ್ನು ತೊಡೆಯ ಮೇಲೆ ಕುಣಿಸುತ್ತ ಓಡುವ ರೈಲಿನಂತೆ ಓದಿ ಮುಗಿಸಿದಳು. ಶೆಟ್ಟೆವ್ವನಿಗೆ ಅದರಲ್ಲಿ ಒಂದು ಶಬ್ದವೂ ಹಿಡಿಯಲಿಲ್ಲ. ಆದರೆ ಆ ಧಾಟಿ ಗೊತ್ತಿತ್ತು. ಕೋರ್ಟಿನಲ್ಲೂ ಜವಾಬು ಬರೆಸಿಕೊಳ್ಳುವ ಮೊದಲು ಹೀಗೇ ಓದಿದ್ದರು.

“ಪೂರಾ ತಿಳೀತೇನ್ರಿ, ಆಯಿ?”

“ತಿಳೀತ್ರಿ.”

“ಹಂಗಾರ ಇಲ್ಲೆ ಹೆಬ್ಬಟ್ಟು...”

“ಹೆಬ್ಬಟ್ಟು ಒಲ್ಲೆ. ಹೆಸರ ಬರೀತೇನಿ. ಕೂಸಿನ್ನ ಈ ಕಡೆ ಕೊಡು ಸುಮಂಗಲಾ, ಬಾಯಾರಿಗೆ ಕೈ ಖಾಲಿ ಆಗ್ಲಿ.”

ಪೆನ್ನು ಹಿಡಿದು ಶೆಟ್ಟೆವ್ವ ನೆಲಕ್ಕೆ ಬಾಗಿದಳು. ಸಾಲಿನ ಮೇಲೊಮ್ಮೆ ಕೆಳಗೊಮ್ಮೆ ಹತ್ತಿಳಿಯುತ್ತ ಅಕ್ಷರಗಳು ಮೂಡಿದವು. ‘ಟ್ಟೆ’ಯಲ್ಲಿ ಕೈ ನಿಂತಿತು, ಸೊಸೆಯ ಕಡೆ ನೋಡಿದಳು, ಸೊಸೆ ಗಾಳಿಯಲ್ಲಿ ಬೆರಳಾಡಿಸಿ ತೋರಿಸಿದಳು. ಮುಗಿದಾಗ ಮೂವರೂ ಉಸಿರು ಬಿಟ್ಟರು. ಇದೇ ಆ ಕಾಗದ ಎಂದುಕೊಂಡಳು ಶೆಟ್ಟೆವ್ವ. ಇನ್ನು ಹೇಳುವುದೆಲ್ಲ ಇದರ ಮೇಲೆ ಕೂಡುತ್ತದೆ, ಕೆಳಗೆ ತನ್ನ ಹೆಸರಿರುತ್ತದೆ.

ಮೊಬೈಲು ನೆಲದ ಮೇಲಿಟ್ಟು ಶೈಲಶ್ರೀ ಕೇಳಿದಳು. ಶೆಟ್ಟೆವ್ವ ಹೇಳಿದಳು. “ಬೆಳಕಿತ್ರಿ. ಹನ್ನೊಂದು ಗಂಟೆ. ಬಿಸಿಲಿಗೆ ನೆಲ ಸುಡತಿತ್ತು. ಮೊದಲನೇ ಪೆಟ್ಟು ಕೊಟ್ಟಾವ ಪರಪ್ಪಗೌಡ.” ಉಳಿದ ನಾಲ್ವರ ಹೆಸರನ್ನೂ ಅಪ್ಪನ ಹೆಸರಿನ ಸಮೇತ ಹೇಳಿದಳು. ಕೋರ್ಟಿನಲ್ಲಿ ಯಾಕೆ ಸುಳ್ಳು ಹೇಳಿದೆ ಎಂಬುದನ್ನೂ ಹೇಳಿದಳು. ಭಂಡಾರದ ಆಣೆ ಮುರಿದೆನಲ್ಲ ಎಂದು ಒಂದು ಸಲ ಗಲ್ಲ ಬಡಿದುಕೊಂಡಳು, ಮತ್ತೆ ಮುಂದುವರಿಸಿದಳು. ಶೈಲಶ್ರೀ ಕಣ್ಣೊರೆಸಿಕೊಂಡಳು. ಮಗು ಅಷ್ಟು ಹೊತ್ತೂ ಸುಮಂಗಲಾಳ ಬಳೆ ಎಳೆದಾಡುತ್ತಿತ್ತು.

ಕೊನೆಗೆ ಅಚ್ಚು ಹಾಕಿದ ಪ್ರಶ್ನೆಗಳು ಬಂದವು. ಕಳೆದ ಏಳು ದಿನಗಳಲ್ಲಿ ಆ ಘಟನೆಯ ನೆನಪು ಎಷ್ಟು ಸಲ ಕಾಡಿತು? ಇಲ್ಲವೇ ಇಲ್ಲ, ಕೆಲವೊಮ್ಮೆ, ಆಗಾಗ, ಯಾವಾಗಲೂ?

“ಗಿರಣಿ ಸಪ್ಪಳ ಕೇಳಿದಾಗ.”

“ಅಂದ್ರ ಕೆಲವೊಮ್ಮೆ ಅಂತ ಹಾಕ್ಲೇನ್ರಿ?”

“ಗಿರಣಿ ದಿನಾ ನಡೀತೈತಲ್ರಿ, ಬಾಯಾರ.”

ಶೈಲಶ್ರೀ ‘ಯಾವಾಗಲೂ’ ಎಂಬಲ್ಲಿ ಗುರುತು ಹಾಕಿದಳು. ಆಮೇಲೆ, “ಈಗ ಗಿರಣಿಯೊಳಗ ಮದ್ಲಿನ ಪದ್ಧತಿ ಐತೇನ್ರಿ?” ಎಂದಳು.

“ಇಲ್ರಿ. ಈಗ ಎಲ್ಲಾರೂ ಒಂದ ಪಾಳಿ.”

ಈ ಮಾತಿಗೆ ಶೈಲಶ್ರೀಯ ಮುಖ ಅರಳಿತು. ಇದನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಂಡಳು. ಗೌಡರು, ಸಾವುಕಾರರು ಎಲ್ಲರೂ ಮನೆಯಲ್ಲೇ ಬೀಸುವ ಕಪಾಟಿನಂಥ ಸಣ್ಣ ಗಿರಣಿ ತಂದುಕೊಂಡಿದ್ದಾರೆ, ಫಕೀರಸಾಬನ ಗಿರಣಿಗೆ ಈಗ ಬರುವವರು ಕೇರಿಯವರು, ಇಲ್ಲದವರು ಅಷ್ಟೇ ಎಂದು ಶೆಟ್ಟೆವ್ವ ಹೇಳಹೊರಟಿದ್ದಳು. ಅಷ್ಟರಲ್ಲಿ ಮಗು ಕೆಮ್ಮಿತು. ಶೈಲಶ್ರೀ ಅದರ ಹಣೆ ಮುಟ್ಟಿ ನೋಡಿ, ಮೈ ಬಿಸಿಯಾಗಿದೆ ಎಂದು ಗಾಬರಿಯಾಗಿ ಎದ್ದಳು. ಕಾರು ಧೂಳೆಬ್ಬಿಸಿ ಹೋಯಿತು.

ಕಾರು ಯಾರ ಮನೆಯ ಮುಂದೆ ಎಷ್ಟು ಹೊತ್ತು ನಿಂತಿತ್ತು ಎಂಬುದು ಕಲ್ಲಬಾವಿಯಲ್ಲಿ ಮುಚ್ಚಿಡುವ ಸಂಗತಿಯಲ್ಲ. ಸುನೀಲಕುಮಾರ ಪಂಚಾಯ್ತಿಯಲ್ಲಿ ನೀರು ಬಿಡುವ ಕೆಲಸದಲ್ಲಿದ್ದ. ಓಣಿ ಓಣಿಗೆ ಹೋಗಿ ವಾಲ್ವು ತಿರುಗಿಸುವುದು, ಹೊತ್ತಾದ ಮೇಲೆ ಮುಚ್ಚುವುದು. ಪಂಚಾಯ್ತಿ ಇದ್ದದ್ದು ಪರಪ್ಪಗೌಡನ ಸೊಸೆಯ ಕೈಯಲ್ಲಿ, ಅಂದರೆ ಪರಪ್ಪಗೌಡನ ಕೈಯಲ್ಲಿ. ಗೌಡ ಬೈಯಲಿಲ್ಲ, ಕರೆಸಲೂ ಇಲ್ಲ. ವಾಲ್ವು ತಿರುಗಿಸುವ ಪಾನಾ ಇಟ್ಟು ಹೋಗು ಎಂದು ಎರಡನೆಯ ದಿನ ಪಂಚಾಯ್ತಿ ಸಿಪಾಯಿ ಬಂದು ಹೇಳಿದ. ಅಷ್ಟೇ.

“ಯಾರ ಕೇಳಿದ್ರವ್ವಾ ನಿನ್ನ? ಹದಿನೆಂಟು ವರ್ಷದ ಹೆಣಾ ಯಾಕ ಅಗದಿ?” ಎಂದು ಸುನೀಲಕುಮಾರ ಅಂಗಳದಲ್ಲಿ ನಿಂತು ಕೇಳಿದ.

“ಆ ಹೆಣ ನಿಮ್ಮಪ್ಪಂದು.”

“ನನಗೂ ಗೊತ್ತೈತಿ. ನನ್ನ ಮಗಳ ಹೊಟ್ಟಿಗೆ ಬೀಳೂ ಕೂಳು ಯಾರದು ಅಂತ ನಿನಗ ಗೊತ್ತೈತೇನು?”

“ಪುಸ್ತಕ ಬರ್ಲಿ ತಡಿ, ಸುನ್ಯಾ. ಅದರಾಗ ನನ್ನ ಹೆಸರು, ಅವರ ಹೆಸರು ಎಲ್ಲಾ ಇರ್ತೈತಿ. ಆಮ್ಯಾಲ ಅವರ ನಿನ್ನ ಮುಂದ ತಲಿ ಬಗ್ಗಿಸಬೇಕು.”

ಹದಿನಾಲ್ಕು ತಿಂಗಳು ಕಾದಳು. ಸುನೀಲಕುಮಾರ ಹೊರ್ತಿಯ ಕಡೆ ಬಾವಿ ತೋಡುವ ಕೆಲಸಕ್ಕೆ ಹೋಗಿ ವಾರಕ್ಕೊಮ್ಮೆ ಬಂದು ಹೋದ. ತಾಯಿಯ ಜೊತೆ ಒಂದು ಮಾತೂ ಹೆಚ್ಚಿಗೆ ಆಡಲಿಲ್ಲ. ಮತ್ತೆ ಅವನ ಒಂಬತ್ತನೆಯ ಇಯತ್ತೆಯ ಮುಖ. ಗಿರಣಿಯಲ್ಲಿ ಶೆಟ್ಟೆವ್ವ ತನ್ನ ಡಬ್ಬಿಯ ಮೇಲೆ ತಾನೇ ಹೆಸರು ಬರೆಯುತ್ತಿದ್ದಳು, ಕೈ ಮರೆಯಬಾರದೆಂದು.

ಈ ಮಾರ್ಚಿನಲ್ಲಿ ಸುಮಂಗಲಾಳ ಮೊಬೈಲಿಗೆ ಫೋನು ಬಂತು. ಇಂಡಿಯಲ್ಲಿ ಪುಸ್ತಕದ ಬಿಡುಗಡೆ, ಮಾತಾಡಿದವರೆಲ್ಲ ಬರಬೇಕು. ಶೆಟ್ಟೆವ್ವ ಪೆಟ್ಟಿಗೆಯಿಂದ ಇಲಕಲ್ಲ ಸೀರೆ ತೆಗೆದು ಉಟ್ಟು ಸೊಸೆಯೊಂದಿಗೆ ಬಸ್ಸು ಹತ್ತಿದಳು. ಸಭಾಭವನದಲ್ಲಿ ಹಾರ, ಶಾಲು, ಭಾಷಣ. ನಾಲ್ಕನೇ ಸಾಲಿನಲ್ಲಿ ಕೂತ ಅವರ ಕೈಗೂ ಒಂದೊಂದು ಪುಸ್ತಕ ಬಂತು. ವೇದಿಕೆಯ ಮೇಲಿದ್ದವರೊಬ್ಬರು, “ಗ್ರಾಮ ಎ ನಮಗೆಲ್ಲ ಆಶಾಕಿರಣ. ಒಂದು ಕಾಲಕ್ಕೆ ಗಿರಣಿಯ ಸರದಿಗಾಗಿ ರಕ್ತ ಹರಿದ ಊರಿನಲ್ಲಿ ಇಂದು ಎಲ್ಲರೂ ಒಂದೇ ಸರದಿಯಲ್ಲಿ ನಿಲ್ಲುತ್ತಾರೆ” ಎಂದರು. ಚಪ್ಪಾಳೆ ಬಿತ್ತು.

“ಗ್ರಾಮ ಎ ಅಂದ್ರ ಯಾವುದವ್ವಾ?” ಎಂದಳು ಶೆಟ್ಟೆವ್ವ.

“ನಮ್ಮೂರ ಇದ್ದಂಗ ಐತತ್ತಿ.”

“ನಂದು ಎಲ್ಲೈತಿ, ಹುಡುಕು.”

ಸುಮಂಗಲಾ ಹಾಳೆ ತಿರುವಿದಳು. ಗಿರಣಿ ಸಿಕ್ಕಿತು, ಬಾಣಂತಿ ಮಗಳು ಸಿಕ್ಕಳು, ನಲವತ್ತು ದಿನ ನೀರು ಕೇಳಿದ ಗಂಡ ಸಿಕ್ಕ. ಮಾತುಗಳೆಲ್ಲ ಇದ್ದ ಹಾಗೇ ಇದ್ದವು. ಹೊಡೆದವರು ‘ಪ್ರಬಲ ಸಮುದಾಯದ ಕೆಲವರು’. ಹೇಳಿದವಳು ‘ಲಕ್ಷ್ಮೀಬಾಯಿ’. ಅವಳ ಪಕ್ಕದಲ್ಲಿ ಕಂಸದೊಳಗೆ ಹೆಸರು ಬದಲಾಯಿಸಲಾಗಿದೆ ಎಂದಿತ್ತು. ಸುಮಂಗಲಾ ಅದನ್ನು ಎರಡು ಸಲ ಮನಸ್ಸಿನಲ್ಲೇ ಓದಿ, ಆಮೇಲೆ ಬಾಯಿಬಿಟ್ಟು ಓದಿದಳು.

“ಯಾರಕಿ ಲಕ್ಷ್ಮೀಬಾಯಿ?”

“ನೀನ, ಅತ್ತಿ.”

ಸುಮಂಗಲಾ ಏನಾದರೂ ಸಿಕ್ಕೀತೆಂದು ಮತ್ತೆ ಮೊದಲ ಪುಟಕ್ಕೆ ಬಂದಳು. ಅಲ್ಲಿ ಕೃತಜ್ಞತೆಗಳಿದ್ದವು. ಕ್ಷೇತ್ರಕಾರ್ಯದ ವೇಳೆ ವಸತಿ, ಊಟದ ಅನುಕೂಲ ಮಾಡಿಕೊಟ್ಟ ಮಹನೀಯರ ಪಟ್ಟಿ. ಮೂರನೆಯ ಹೆಸರು, ಕಲ್ಲಬಾವಿಯ ಹಿರಿಯರಾದ ಶ್ರೀ ಪರಪ್ಪಗೌಡ ಪಾಟೀಲ. ಹೆಸರು, ಊರು, ಅಡ್ಡಹೆಸರು, ಒಂದೂ ಬದಲಾಗಿರಲಿಲ್ಲ.

ಚಹಾದ ಹೊತ್ತಿಗೆ ಶೈಲಶ್ರೀ ತಾನಾಗಿ ಬಂದು ಶೆಟ್ಟೆವ್ವನ ಕೈ ಹಿಡಿದಳು. “ಆಯಿ, ಬಂದ್ರಲ್ಲ. ನಿಮ್ಮ ಅಧ್ಯಾಯ ಓದಿ ಎಲ್ಲಾರೂ ಅತ್ತಾರ್ರಿ.”

“ನನ್ನ ಹೆಸರು ಎಲ್ಲೈತ್ರಿ, ಬಾಯಾರ?”

“ಹೆಸರು ಹಾಕಂಗಿಲ್ರಿ ಆಯಿ, ಅದು ನಿಯಮ. ಅವತ್ತ ಓದಿ ಹೇಳಿದ್ನಲ್ಲ. ನಿಮಗ ತ್ರಾಸ ಆಗಬಾರದು ಅಂತ.”

“ನಿಮ್ಮ ಕಾರು ನನ್ನ ಮನಿ ಮುಂದ ನಿಂತಿತ್ರಿ. ತ್ರಾಸ ಆಗೂದು ಎರಡ ದಿನದಾಗ ಆಗಿ ಹೋತು. ನನ್ನ ಮಗನ ಪಾನಾ ಕಸಗೊಂಡ್ರು. ಊರಿಗೆಲ್ಲಾ ಗೊತ್ತೈತಿ ಹೇಳಿದಾಕಿ ನಾನ ಅಂತ. ಗೊತ್ತಿಲ್ಲದ್ದು ನಿಮ್ಮ ಪುಸ್ತಕಕ್ಕ ಒಂದಕ್ಕ.”

ಶೈಲಶ್ರೀ ಕಪ್ಪು ಕೆಳಗಿಟ್ಟಳು. “ನನಗ ಹೇಳಬೇಕಾಗಿತ್ತಲ್ರಿ...”

“ನಾ ಬರದು ಕೊಟ್ನಲ್ಲ, ಆ ಕಾಗದ ಎಲ್ಲೈತಿ?”

“ಅದು ಸುರಕ್ಷಿತ ಐತ್ರಿ. ಕಪಾಟಿನ್ಯಾಗ ಇಟ್ಟು ಕೀಲಿ ಹಾಕೇವಿ. ಯಾರೂ ನೋಡಂಗಿಲ್ಲ.”

“ಆಮ್ಯಾಲ?”

“ಐದು ವರ್ಷ ಆದಮ್ಯಾಲ...” ಅವಳು ನಿಂತಳು. “ಸುಟ್ಟು ಬಿಡತಾರ್ರಿ.”

“ಸುಡತಾರ” ಎಂದಳು ಶೆಟ್ಟೆವ್ವ, ಸೊಸೆಯ ಕಡೆ ನೋಡಿ, ಸಂತೆಯಲ್ಲಿ ರೇಟು ಕೇಳಿ ಹೇಳಿದಂತೆ. “ಗೌಡ್ರ ಹೆಸರು ಮಾತ್ರ ಹಂಗ ಬರದೀರಿ.”

“ಅದು... ಅವರ ಮನ್ಯಾಗ ಇಳದಿದ್ವಿ. ಕೂಸಿಗೆ ಜ್ವರಾ ಬಂದಿತ್ತು, ಅವರ ಡಾಕ್ಟರನ್ನ ಕರಸಿದ್ರು. ಆ ಪಟ್ಟಿ ಆಫೀಸಿನ್ಯಾಗ ಮಾಡ್ತಾರ್ರಿ, ನಾ ನೋಡಲಿಲ್ಲ.” ಶೈಲಶ್ರೀಯ ಕಣ್ಣು ತುಂಬಿದವು. ಯಾರೋ ಫೋಟೋಗೆ ಕರೆದರು. ಹೋಗಲೋ ಬೇಡವೋ ಎಂಬಂತೆ ಒಂದು ಗಳಿಗೆ ನಿಂತು, ಹೋದಳು.

ಬಸ್ ನಿಲ್ದಾಣದ ಕಲ್ಲಿನ ಮೇಲೆ ಕೂತು ಶೆಟ್ಟೆವ್ವ ಪೆನ್ನು ಕೇಳಿದಳು. “ಆ ಲಕ್ಷ್ಮೀಬಾಯಿ ಎಲ್ಲೆಲ್ಲಿ ಕೂತಾಳ, ತೋರ್ಸು.”

ಸುಮಂಗಲಾ ಬೆರಳಿಟ್ಟಲ್ಲೆಲ್ಲ ಅವಳು ಗೀಟು ಎಳೆದು, ಮೇಲಿನ ಬಿಳಿ ಜಾಗದಲ್ಲಿ ತನ್ನ ಹೆಸರು ಬರೆದಳು. ಎರಡು ಬಸ್ಸು ಹೋದವು. ಹನ್ನೊಂದು ಕಡೆ ಬರೆದಳು. ಆರನೆಯದಕ್ಕೆ ‘ಟ್ಟೆ’ ಬರೆಯುವಾಗ ಕೈ ನಿಲ್ಲುವುದು ಬಿಟ್ಟಿತ್ತು. ‘ಪ್ರಬಲ ಸಮುದಾಯದ ಕೆಲವರು’ ಎಂಬಲ್ಲಿ ಐದು ಹೆಸರನ್ನು ಸುಮಂಗಲಾ ಬರೆದಳು. ಅತ್ತೆ ಹೇಳಲಿಲ್ಲ, ಸೊಸೆ ಕೇಳಲೂ ಇಲ್ಲ.

ಊರು ಮುಟ್ಟುವಾಗ ಬಿಸಿಲು ಇಳಿದಿತ್ತು. ಅಂಗಳದಲ್ಲಿ ಸುನೀಲಕುಮಾರ ನಿಂತಿದ್ದ, ಹೊಸದಾಗಿ ಬೋಳಿಸಿದ ಗಡ್ಡ, ಹೆಗಲ ಮೇಲೆ ಕಬ್ಬಿಣದ ಪಾನಾ. ವರ್ಷದ ಮೇಲೆ ಅವನು ತಾಯಿಯನ್ನು ನೋಡಿ ನಕ್ಕ.

“ಅವ್ವಾ, ಗೌಡ್ರು ಕರಸಿ ಪಾನಾ ಕೊಟ್ರು. ಆ ಪುಸ್ತಕ ಅವರಿಗೆ ಮೊನ್ನೇನ ಬಂದೈತಂತ, ಪೂರಾ ಓದ್ಯಾರ. ‘ನಿಮ್ಮವ್ವ ಶಾಣೇಕಿ. ಯಾರ ಹೆಸರೂ ಕೆಡಿಸಿಲ್ಲ’ ಅಂದ್ರು.”

ಶೆಟ್ಟೆವ್ವ ಕಟ್ಟೆಯ ಮೇಲೆ ಕೂತಳು. ಸುಮಂಗಲಾ ಚೀಲದಿಂದ ಪುಸ್ತಕ ತೆಗೆದು ಗಂಡನ ಕೈಗಿಟ್ಟಳು. ಅವನು ತೆರೆದ. ಒಂದು ಪುಟ ನೋಡಿದ, ಇನ್ನೊಂದು ನೋಡಿದ. ನಗು ಹೋಯಿತು. ಅಪ್ಪನ ಪುಟದಲ್ಲಿ ಬಹಳ ಹೊತ್ತು ನಿಂತ.

“ಇದನ್ನ ಯಾರ್ಯಾರು ನೋಡ್ಯಾರ?”

“ನಾವ ಇಬ್ರು.”

“ಯಾರಿಗೂ ತೋರಸಬ್ಯಾಡ್ರಿ” ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಪುಸ್ತಕವನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಸುತ್ತಿ, ಜಂತಿಯ ಮೇಲೆ ಕೋರ್ಟಿನ ಹಳೆಯ ಸಮನ್ಸು ಸಿಕ್ಕಿಸಿಟ್ಟಿದ್ದ ಜಾಗದಲ್ಲೇ ತುರುಕಿದ. “ಈಗ ಬ್ಯಾಡವ್ವಾ.”

“ಮತ್ತ ಯಾವಾಗ?”

ನೀರು ಬಿಡುವ ಹೊತ್ತಾಗಿತ್ತು. ಅವನು ಪಾನಾ ಹೆಗಲಿಗೇರಿಸಿಕೊಂಡ.

“ಇವತ್ತ ಮೊದಲ ಯಾವ ಓಣಿಗೆ ಬಿಡ್ತಿ, ಸುನ್ಯಾ?” ಎಂದು ಅವಳು ಕೇಳಿದಳು.

ಅವನು ಹೊರಳಿ ನೋಡದೆ ನಡೆದ. ಶೆಟ್ಟೆವ್ವ ಇಲಕಲ್ಲ ಸೀರೆ ಬಿಚ್ಚಿ ಮಡಿಸಿಟ್ಟು ಮನೆಯ ಸೀರೆ ಉಟ್ಟಳು. ಕೊಡ ಒಯ್ದು ಕೇರಿಯ ನಳದ ಮುಂದೆ ಸಾಲಿನಲ್ಲಿ ಇಟ್ಟಳು. ನಳದಲ್ಲಿ ಇನ್ನೂ ಗಾಳಿ. ಅಗಸಿಯಾಚೆ, ಗೌಡರ ಓಣಿಯಲ್ಲಿ, ಕೊಡಗಳಿಗೆ ನೀರು ಬೀಳುವ ಸಪ್ಪಳ ಕೇಳಿಸತೊಡಗಿತು. ಅದಾದ ಮೇಲೆ ಸಾವುಕಾರರ ಓಣಿ, ಆಮೇಲೆ ಗುಡಿ ಓಣಿ. ಕೇರಿಗೆ ಬರಲು ಇನ್ನೂ ಒಂದು ತಾಸು ಬೇಕು. ಅವಳು ಕೊಡದ ಪಕ್ಕದಲ್ಲೇ ಕೂತಳು.